ಎರಡನೇ ತಟ್ಟು

ಮಾಲೂರಿನಿಂದ ವಕ್ಕಲೇರಿ ಕಡೆ ಹೋಗುವ ಕಡೇ ಬಸ್ಸು ಊರ ಗೇಟಿನಲ್ಲಿ ನಿಂತಿತು. ಇಳಿದವರು ಇಬ್ಬರೇ. ಕೋದಂಡರಾಮಪ್ಪ, ಅವನ ಹಿಂದೆ ಸೊಣ್ಣಪ್ಪ.

ಕೋದಂಡರಾಮಪ್ಪ ನಮ್ಮ ಚಿಕ್ಕಪ್ಪನ ಮಗ. ಇದು ಅವನಿಗೆ ಆದದ್ದು. ಯಾರೋ ಹೇಳಿದ್ದನ್ನ ಇನ್ಯಾರೋ ಕೇಳಿ ತಂದದ್ದಲ್ಲ. ಅವನ ಬಾಯಿಂದಲೇ ಬಂದದ್ದು. ಅವನು ಮೊದಲೇ ಮಾತು ಕಡಿಮೆ. ಹೆಂಡತಿ ಶಾಮಲಮ್ಮ ಹೋದ ಮೇಲೆ ಇದ್ದ ಮಾತೂ ಹೋಯಿತು. ಅಂಥವನು ಕಟ್ಟಿ ಹೇಳಲ್ಲ.

ಆ ರಾತ್ರಿ ಅವನ ಕೈಯಲ್ಲಿ ಹೊಸ ಸೂಟ್‌ಕೇಸಿತ್ತು. ಚಕ್ರದ್ದು. ಟಾರ್ ರೋಡಿನ ಮೇಲೆ ಎಳೆದರೆ ಗರ್... ಅಂತ ಸಲೀಸಾಗಿ ಬಂತು. ಊರ ದಾರಿ ಮಣ್ಣಿಗೆ ತಿರುಗಿದ ಕಡೆ ಚಕ್ರ ಕಚ್ಚಿಕೊಂಡಿತು. ಎತ್ತಿ ತಲೆ ಮೇಲೆ ಇಟ್ಟುಕೊಂಡ.

“ಎಲ್ಲಿಗಣ್ಣ ಪ್ರಯಾಣ?” ಸೊಣ್ಣಪ್ಪ ಕೇಳಿದ. ಅವನಿಗೆ ಗೇಟಿನಲ್ಲಿ ಟೀ ಅಂಗಡಿ. ಊರಿನ ಸುದ್ದಿ ಯಾವುದೇ ಆಗಲಿ, ಅವನ ಅಂಗಡಿಯಲ್ಲಿ ಒಂದು ಸಲ ಕುದಿದೇ ಹೊರಗೆ ಬರಬೇಕು.

“ನನಗಲ್ಲ. ಮಗೂಗೆ.”

“ಅಂದ್ರೆ ಮೌನಿಕಾ ಸೇರ್ಕೊಳ್ತಾಳೆ ಅನ್ನು! ವಿಮಾನ ಓಡಿಸ್ತಾಳೆ!”

“ಸೋಮವಾರ ಬಾ ಅಂದವ್ರೆ ಕಂಪನಿಯವ್ರು. ಹೋಗ್ತೀನಿ ಅಂತ ಇವಳು ಇನ್ನೂ ಹೇಳಿಲ್ಲ.”

“ಓರಿ ದೇವುಡಾ! ನಾನಾಗಿದ್ರೆ ಚಪ್ಪಲಿನೂ ಹಾಕ್ಕೊಳ್ದೆ ಓಡ್ತಿದ್ದೆ.”

“ನೀನು ಓಡ್ಸೋ ವಿಮಾನ ಯಾರು ಹತ್ತುತ್ತಾರೋ?”

“ಯಾಕೆ, ನೀನು ಹತ್ತಲ್ವಾ?”

“ನಿನ್ನ ಟಿವಿಎಸ್ಸೇ ಹತ್ತಲ್ಲ ನಾನು.”

ಸೊಣ್ಣಪ್ಪ ನಕ್ಕ. ಮೇಲೆ ವಿಮಾನವೊಂದು ಬೆಂಗಳೂರು ಕಡೆ ಹೋಯಿತು. ಮೊದಲು ದೀಪ, ಆಮೇಲೆ ಸದ್ದು. ಸೊಣ್ಣಪ್ಪ ತಲೆ ಎತ್ತಿ ನೋಡಿದ. ಕೋದಂಡರಾಮಪ್ಪನ ತಲೆ ಮೇಲೆ ಸೂಟ್‌ಕೇಸಿತ್ತು. ನೋಡಲಾಗಲಿಲ್ಲ.

“ಅಣ್ಣ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಎಷ್ಟು ಓಡಿಸವಳೆ ಇವಳು ಇದುವರ್ಗೂ?”

“ಇನ್ನೂರು ಗಂಟೆ.”

ಸೊಣ್ಣಪ್ಪ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. 

“ಲಾರಿಗೆ ಹೆವಿ ಲೈಸೆನ್ಸ್ ಬೇಕಂದ್ರೂ ಒಂದು ವರ್ಷ ಸಣ್ಣ ಗಾಡಿ ಓಡ್ಸಿರ್ಬೇಕು ಅಂತಾರಲ್ಲಣ್ಣ. ಅದೂ ಜಲ್ಲಿ ತುಂಬೋ ಲಾರಿ. ಇದು ಜನ ತುಂಬೋದು...”

ಕೋದಂಡರಾಮಪ್ಪ ತಲೆ ಮೇಲಿನ ಭಾರ ಸರಿ ಮಾಡಿಕೊಂಡ. ಇದನ್ನು ಅವನೂ ಯೋಚಿಸಿದ್ದ. ರಾತ್ರಿ ನಿದ್ದೆ ಬಾರದವನಿಗೆ ಯೋಚನೆಗೆ ಏನು ಬರ?

ದಾರಿ ಒಡೆಯುವ ಕಡೆ ಸೊಣ್ಣಪ್ಪ ಎಡಕ್ಕೆ ಹೋದ. ಇವನು ಬಲಕ್ಕೆ.

ಬಲಗಡೆ ದಾರಿಗೆ ಹಳೇ ಕಪಿಲೆ ಬಾವಿ ಸಿಕ್ಕುತ್ತದೆ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಬಾವಿ. ಈಗ ಎತ್ತೂ ಇಲ್ಲ, ನೀರೂ ಇಲ್ಲ. ಕಲ್ಲು ಕಂಬ ಎರಡು ನಿಂತಿವೆ. ಪಕ್ಕದಲ್ಲಿ ಹೊಂಗೆ ಮರ. ಮನೆ ಇಲ್ಲ, ಶೆಡ್ಡಿಲ್ಲ, ತಗಡಿನ ಚೂರೂ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಗಾಳಿ ಇರಲಿಲ್ಲ. ಅವನ ಚಪ್ಪಲಿ ಸದ್ದು ಮಾತ್ರ. ಚರಕ್... ಚರಕ್...

ಆಗ ಬೆನ್ನ ಹಿಂದೆ, ಎಡಗಡೆ...

ಠಪ್.

ತಗಡಿನ ಮೇಲೆ ಅಂಗೈ ಬಿದ್ದ ಸದ್ದು. ಅದರ ಹಿಂದೆಯೇ ಸಣ್ಣಗೆ, ಝಲ್... ಅಂತ ಬಳೆ.

ಒಂದೇ ಸಲ.

ಅವನ ಕಾಲು ನಿಂತಿತು. ಹೆದರಿ ಅಲ್ಲ. ಹೆದರಿಕೆ ಆಮೇಲೆ ಬಂತು. ಮೊದಲು ಕಾಲು ನಿಂತದ್ದು ಅಭ್ಯಾಸಕ್ಕೆ.

ಯಾಕೆ ಅಂತ ಹೇಳಬೇಕು. ಕೋದಂಡರಾಮಪ್ಪ ಇಟ್ಟಿಗೆ ಟೆಂಪೋ ಓಡಿಸುತ್ತಿದ್ದವನು. ಮಾಲೂರಿನ ಫ್ಯಾಕ್ಟರಿಗಳಿಂದ ಇಟ್ಟಿಗೆ ತುಂಬಿ ಹೊಸಕೋಟೆ, ಬೆಂಗಳೂರು ಕಡೆ ಇಳಿಸೋದು. ಒಂದು ದಿನ ಕ್ಲೀನರ್ ಹೇಳದೆ ಕೇಳದೆ ಕೈಕೊಟ್ಟ. ಶಾಮಲಮ್ಮ, “ಇವತ್ತೊಂದು ದಿನ ನಾನು ಬರ್ತೀನಿ ನಡಿ” ಅಂತ ಎಡಗಡೆ ಸೀಟಿಗೆ ಹತ್ತಿದಳು. ಹತ್ತಿದವಳು ಇಳಿಯಲೇ ಇಲ್ಲ. ಮಗಳನ್ನ ಓದಿಸಿದ್ದು ಆ ಟೆಂಪೋ. ವಿಮಾನದ ಓದಿಗೆ ಮಾತ್ರ ಅದು ಸಾಲಲಿಲ್ಲ, ಕೈಗಾರಿಕೆಗೆ ಹೋದ ಜಮೀನಿನ ಪರಿಹಾರ ಹಾಕಿದರು.

ಕ್ಲೀನರ್ ಅಂದರೆ ಗಾಡಿ ತೊಳೆಯೋದಷ್ಟೇ ಅಲ್ಲ. ಡ್ರೈವರಿಗೆ ಕಾಣದ್ದನ್ನ ಅವನು ನೋಡಬೇಕು. ಇಕ್ಕಟ್ಟಿನ ಜಾಗದಲ್ಲಿ ಇಳಿದು ಗಾಡಿ ಬದಿಯಲ್ಲಿ ನಡೆಯಬೇಕು, ಬಾಡಿ ತಟ್ಟಬೇಕು. ಒಂದು ತಟ್ಟಿದರೆ ನಿಲ್ಲಿಸು. ಎರಡು ತಟ್ಟಿದರೆ ಹೋಗು. ಒಂದು ತಟ್ಟಿದ ಮೇಲೆ ಎರಡು ತಟ್ಟುವ ತನಕ ಚಕ್ರ ಉರುಳಬಾರದು. ಅಷ್ಟೇ ಕಾನೂನು.

ಶಾಮಲಮ್ಮನ ಕೈಗೆ ಗಾಜಿನ ಬಳೆ. “ಬಳೆ ತೆಗ್ದು ತಟ್ಟೇ, ಒಡ್ದು ಚುಚ್ಕೊಂಡೀತು” ಅಂದರೆ, “ತಾಳಿನೂ ತೆಗೀಲಾ?” ಅಂತಿದ್ದಳು. ಅದಕ್ಕೇ ಅವಳ ತಟ್ಟಿಗೆ ಎರಡು ಸದ್ದು. ಅಂಗೈದು ಒಂದು, ಬಳೆದು ಒಂದು. ಒಂದು ಸಲ ಹಿಂದಿನ ಡೋರು ಬಿದ್ದು ಬಲಗೈ ಕಿರುಬೆರಳು ಮುರಿಯಿತು. ಕಟ್ಟು ಹಾಕಿಸಿದರು. ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ಉಳಿಯಿತು. ಆ ಕೈಯಲ್ಲೇ ತಟ್ಟುತ್ತಿದ್ದಳು.

ಅದರ ಹಿಂದಿನ ಸಂಕ್ರಾಂತಿ ಕಳೆದ ಮೇಲೆ ಅವಳು ಹೋದಳು. ಕಿಡ್ನಿ. ಆಸ್ಪತ್ರೆ, ಮನೆ, ಆಸ್ಪತ್ರೆ, ಮನೆ... ಆಮೇಲೆ ಎರಡೂ ಇಲ್ಲ.

ಅವನು ಟೆಂಪೋ ಮನೆ ಮುಂದೆ ಬೇವಿನ ಮರದ ಕೆಳಗೆ ನಿಲ್ಲಿಸಿದ. ಎಡಗಡೆ ಸೀಟು ಖಾಲಿ ಇಟ್ಟುಕೊಂಡು ರಿವರ್ಸ್ ಹಾಕೋದಕ್ಕೆ ಅವನ ಕೈಲಿ ಆಗಲಿಲ್ಲ. ಮಾಲೂರಿನ ಒಂದು ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಅದಕ್ಕೇ ದಿನಾ ಕಡೇ ಬಸ್ಸು.

ಬಾವಿ ಹತ್ತಿರ ನಿಂತವನು ತಿರುಗಿ ನೋಡಲಿಲ್ಲ. ಈಗ ಹೆದರಿಕೆ ಬಂತು. ದಾರಿ ಬಿಟ್ಟು ಹೊಲಕ್ಕೆ ಇಳಿದ. ರಾಗಿ ಕೊಯ್ದ ಕೂಳೆ ಕಾಲಿಗೆ ಚುಚ್ಚಿತು. ತಲೆ ಮೇಲೆ ಸೂಟ್‌ಕೇಸು ಹಿಡಿದುಕೊಂಡು ಓಡಿದ. ನೋಡಿದವರು ಇದ್ದಿದ್ದರೆ ಕಳ್ಳ ಅಂದುಕೊಳ್ಳುತ್ತಿದ್ದರು.

* * *

ಮನೆಯಲ್ಲಿ ಮಗಳು ಮೌನಿಕಾ ಎದ್ದೇ ಇದ್ದಳು. ಪಕ್ಕದ ಮನೆ ಮುನಿಶಾಮಮ್ಮನೂ ಇದ್ದಳು. ಕೋದಂಡರಾಮಪ್ಪನ ಅಕ್ಕ ಅವಳು. ತಮ್ಮ ಬರುವ ತನಕ ಮಗುವಿಗೆ ಜೊತೆ ಅಂತ ಬಂದು, ಗೋಡೆಗೆ ಒರಗಿ ತೂಕಡಿಸೋಳು.

“ಏನ್ಲಾ ಕಾಲೆಲ್ಲಾ ರಕ್ತ?”

“ಕೂಳೆ ಚುಚ್ತು.”

“ದಾರಿ ಇರ್ಲಿಲ್ವಾ?”

ಅವನು ಸೂಟ್‌ಕೇಸು ಇಳಿಸಿದ. ಮೌನಿಕಾ ಅದನ್ನ ನೋಡಿದಳು. ಮುಟ್ಟಲಿಲ್ಲ.

“ನಾನು ಹೋಗ್ತೀನಿ ಅಂತ ಹೇಳಿಲ್ವಲ್ಲಪ್ಪ.”

“ಹೋಗಲ್ಲ ಅಂತಲೂ ಹೇಳಿಲ್ಲ.”

ಮುನಿಶಾಮಮ್ಮ ಆಕಳಿಸಿದಳು. “ಆ ಕೆಲಸ ಹೋದ್ರೆ ಹೋಗ್ಲಿ ಬಿಡೋ. ಇನ್ನೂರು ಗಂಟೆ ಅಂತೆ! ನಾನು ಗುಮ್ಮೋ ಎಮ್ಮೆ ಹಾಲು ಕರೆಯೋದು ಕಲಿಯೋಕೇ ಅದಕ್ಕಿಂತ ಜಾಸ್ತಿ ಆಯ್ತು.”

“ಎಮ್ಮೆ ಜಾಡಿಸಿ ಒದೀತದೆ ಅತ್ತೆ. ವಿಮಾನ ಒದೆಯಲ್ಲ,” ಅಂದಳು ಮೌನಿಕಾ.

“ಒದೆಯಲ್ಲ. ಬೀಳ್ತದೆ.”

ಯಾರೂ ನಗಲಿಲ್ಲ. ಮುನಿಶಾಮಮ್ಮ ಎದ್ದು ಹೋದಳು.

ಕೋದಂಡರಾಮಪ್ಪ ಊಟ ಮಾಡಲಿಲ್ಲ. ಮುದ್ದೆ ಮುರಿದ, ಹಾಗೇ ಬಿಟ್ಟ. ಬಾವಿಯ ವಿಷಯ ಮಗಳಿಗೆ ಹೇಳಲಿಲ್ಲ.

ಮಾರನೇ ರಾತ್ರಿ ಮತ್ತೆ ಅದೇ ಬಸ್ಸು. ಅದೇ ಬಾವಿ. ಠಪ್... ಝಲ್... ಒಂದೇ ಸಲ. ಈ ಸಲ ಅವನು ಓಡಲಿಲ್ಲ. ಓಡೋಕೆ ಶಕ್ತಿ ಇರಲಿಲ್ಲ. ದಾರಿ ಬಿಟ್ಟು ಹೊಲದಲ್ಲಿ ಸುತ್ತಿಕೊಂಡು ನಡೆದ.  ನಡೆಯುತ್ತಾ ಒಂದೇ ಮಾತು ತಲೆಯಲ್ಲಿ ತಿರುಗಿತು. ನಿಲ್ಲಿಸು ಅಂತಾಳೆ. ಯಾವುದನ್ನ ನಿಲ್ಲಿಸು ಅಂತಾಳೆ?

ಬೆಳಗ್ಗೆ ಸೊಣ್ಣಪ್ಪನ ಅಂಗಡಿಯಲ್ಲಿ, ಬೇರೆಯವರು ಎದ್ದು ಹೋದ ಮೇಲೆ, ಪಿಸುಗುಟ್ಟಿದ. ಸೊಣ್ಣಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

“ಒಂದೇ ತಟ್ತಾ?”

“ಒಂದೇ.”

“ಎರಡು ದಿನಾನೂ?”

“ಹೂಂ.”

“ಇನ್ನೇನಣ್ಣ ಬೇಕು? ಹುಡುಗೀನ ಕಳಿಸ್ಬೇಡ ಅಂತವ್ಳೆ ಶಾಮಲಕ್ಕ. ಸಾಕಾಗಲ್ಲ ಇನ್ನೂರು ಗಂಟೆ ಅಂತವ್ಳೆ.”

ಕೋದಂಡರಾಮಪ್ಪನಿಗೆ ಆ ಮಾತು ಕೇಳಿ ಎದೆ ಹಗುರಾಯಿತು. ಹಗುರಾಯಿತಲ್ಲ ಅಂತ ನಾಚಿಕೆಯೂ ಆಯಿತು. ಮಗಳು ಹೋಗದಿದ್ದರೆ ಸಾಕು ಅಂತ ಅವನೂ ಒಳಗೆ ಕಾಯುತ್ತಿದ್ದ. ಒಬ್ಬಳನ್ನ ಮಣ್ಣು ಮಾಡಿ ಬಂದವನು. ಇನ್ನೊಬ್ಬಳನ್ನ ಆಕಾಶಕ್ಕೆ ಬಿಡೋ ಧೈರ್ಯ ಎಲ್ಲಿಂದ ತರೋದು?

* * *

ಶನಿವಾರ ಅವನಿಗೆ ರಜ. ಕತ್ತಲಾದ ಮೇಲೆ ಜಗಲಿಯಲ್ಲಿ ಮಗಳ ಪಕ್ಕ ಕೂತ. ಎದುರಿಗೆ ಟೆಂಪೋ. ಒಂದು ವರ್ಷದ ಧೂಳು ಹೊದ್ದುಕೊಂಡು ನಿಂತಿತ್ತು.

“ಹೋಗ್ಬೇಡಮ್ಮ,” ಅಂದ.

ಮೌನಿಕಾ ಅವನ ಕಡೆ ತಿರುಗಿದಳು.

“ನಿಮ್ಮಮ್ಮ ಬೇಡ ಅಂತವ್ಳೆ.”

ಮೆಲ್ಲಗೆ ಎಲ್ಲಾ ಹೇಳಿದ. ಬಾವಿ... ಸದ್ದು... ಬಳೆ...  ಹುಡುಗಿ ನಗುತ್ತಾಳೆ ಅಂದುಕೊಂಡಿದ್ದ. ಓದಿದವಳು. ನಗಲಿಲ್ಲ. 

“ಒಂದೇ ತಟ್ಟಿದ್ಲಾ ಅಪ್ಪ?”

“ಒಂದೇ.”

“ನನಗೂ ಒಂದೇ.”

ಅವನಿಗೆ ಅರ್ಥವಾಗಲಿಲ್ಲ.

ಮೌನಿಕಾ ಮೊಣಕಾಲು ಕಟ್ಟಿಕೊಂಡು ಕೂತು ಹೇಳಿದಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದು. ಕಲಿಯೋಕೆ ಹೋಗಿದ್ದ ಕಡೆ, ದೂರದ ಊರಲ್ಲಿ, ಒಂದು ಸಾಯಂಕಾಲ ಅವಳೊಬ್ಬಳೇ ಸಣ್ಣ ವಿಮಾನ ಹಾರಿಸುತ್ತಿದ್ದಳು. ಎಡಗಡೆ ಸೀಟಲ್ಲಿ ಅವಳು. ಬಲಗಡೆ ಸೀಟು ಖಾಲಿ.

“ಇಳಿಸ್ತಾ ಇದ್ದೆ. ಚಕ್ರ ಇನ್ನೇನು ನೆಲ ಮುಟ್ಬೇಕು... ಬಲಗಡೆ ಬಾಗಿಲು ಯಾರೋ ತಟ್ಟಿದ್ರು. ಹೊರಗಡೆಯಿಂದ.”

“ಹೊರಗಡೆಯಿಂದ?”

“ಹೂಂ. ಗಾಳಿಯಲ್ಲಿ.”

“ಬಳೆ?”

“ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿರ್ತೀವಪ್ಪ. ಪಕ್ಕದವರು ಕಿರುಚಿದ್ರೂ ಕೇಳಲ್ಲ. ಬಳೆ ಕೇಳಿಸ್ತು.”

 ಮುನಿಶಾಮಮ್ಮನ ಎಮ್ಮೆ ಕೊಟ್ಟಿಗೆಯಲ್ಲಿ ಮೂಗಿನಲ್ಲಿ ಉಸಿರು ಬಿಟ್ಟಿತು. ಪುರ್‌ರ್...

“ಕೈ ತಾನಾಗೇ ಹೋಯ್ತು. ಇಳಿಸ್ದೆ ಮತ್ತೆ ಮೇಲಕ್ಕೆ ಎತ್ತಿದೆ. ಆಗ ಕಂಡಿತು. ರನ್‌ವೇ ಮೇಲೆ ಹಸು ಅಪ್ಪ. ಕರು ಜೊತೆ. ಬೇಲಿ ಎಲ್ಲೋ ಮುರಿದಿತ್ತು. ಇಳಿದ ಮೇಲೆ ಕಲಿಸೋ ಸಾರ್ ಎಲ್ಲರ ಮುಂದೆ ಹೊಗಳಿದ್ರು. ಒಳ್ಳೇ ಕಣ್ಣು ನಿಂದು ಅಂದ್ರು. ನಾನು ನೋಡಿರ್ಲಿಲ್ಲಪ್ಪ... ನೋಡಿರ್ಲೇ ಇಲ್ಲ.”

“ಯಾವಾಗ ಇದು?”

“ಕಾರ್ತೀಕದಲ್ಲಿ. ಅಮ್ಮ ಹೋಗೋಕೆ ಮುಂಚೆ.”

“ಆಗ ನಿಮ್ಮಮ್ಮ ಬದುಕಿದ್ಲಲ್ಲಮ್ಮ.”

“ಅದೇ ನನಗೂ ತಿಳಿಯಲ್ಲ.”

ಕೋದಂಡರಾಮಪ್ಪನಿಗೆ ಒಂದು ನೆನಪಾಯಿತು. ಆ ಕಾರ್ತೀಕದಲ್ಲಿ ಶಾಮಲಮ್ಮ ಮಂಚ ಬಿಟ್ಟು ಏಳುತ್ತಿರಲಿಲ್ಲ. ಮಂಚದ ಪಕ್ಕ ತಗಡಿನ ಟ್ರಂಕು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ, ಕಣ್ಣು ಮುಚ್ಚಿಕೊಂಡೇ, ಟ್ರಂಕಿನ ಮೇಲೆ ಬಲವಾಗಿ ಒಂದು ತಟ್ಟಿದ್ದಳು. “ನಿಲ್ಸು” ಅಂದಿದ್ದಳು. ಜ್ವರದ ಮಾತು ಅಂತ ಅವನು ಹಣೆಗೆ ಒದ್ದೆ ಬಟ್ಟೆ ಹಾಕಿದ್ದ.

ಅದನ್ನ ಮಗಳಿಗೆ ಹೇಳಿದನೋ ಇಲ್ಲವೋ ಗೊತ್ತಿಲ್ಲ, ನನಗೆ ಹೇಳುವಾಗ ಇಲ್ಲಿ ಅವನು ನಿಲ್ಲಿಸಿದ.

“ಅದಕ್ಕೇ ಹೋಗ್ತೀನಿ ಅನ್ನೋಕೆ ಬಾಯಿ ಬರ್ತಿಲ್ಲ,” ಮೌನಿಕಾ ಅಂದಳು. “ಅವತ್ತು ನಾನೊಬ್ಬಳೇ. ಇನ್ಮೇಲೆ ಹಿಂದೆ ನೂರಾ ಎಂಬತ್ತು ಜನ. ಕಾನೂನು ಸಾಕು ಅನ್ನುತ್ತೆ. ಕಂಪನಿಯವ್ರು ಸಾಕು ಅಂತಾರೆ. ತಿಂಗಳುಗಟ್ಟಲೆ ಅಲ್ಲಾಡೋ ರೂಮಲ್ಲಿ ಕೂರಿಸಿ, ಇಂಜಿನ್ ಕೆಟ್ಟಂಗೆ, ಬೆಂಕಿ ಬಿದ್ದಂಗೆ ಮಾಡಿ ಕಲಿಸ್ತಾರೆ. ಆಮೇಲೂ ಕಲಿಸೋ ಕ್ಯಾಪ್ಟನ್ ಪಕ್ಕದಲ್ಲೇ ಇರ್ತಾರೆ. ಬೇರೆ ದೇಶದಲ್ಲಿ ಕೆಲವು ಕಡೆ ಸಾವಿರದೈನೂರು ಗಂಟೆ ಕೇಳ್ತಾರೆ. ಗಂಟೆ ಮುಖ್ಯ ಅಲ್ಲ, ಕಲಿತದ್ದು ಮುಖ್ಯ ಅನ್ನೋರೂ ಇದ್ದಾರೆ. ಎಲ್ಲರೂ ಓದಿದವರೇ. ಯಾರ ಮಾತು ನಂಬ್ಲಿ?”

ಅವನಿಗೇನು ಗೊತ್ತು? 

ಮೌನಿಕಾ ಕೇಳಿದಳು. “ಅಪ್ಪ, ಬಾವಿ ಹತ್ತಿರ ಒಂದು ತಟ್ಟಿದ ಮೇಲೆ ನೀನೇನು ಮಾಡ್ದೆ?”

“ಹೊಲಕ್ಕೆ ಇಳ್ದೆ.”

“ಎರಡು ತಟ್ಟೋವರ್ಗೂ ನಿಲ್ಬೇಕಲ್ವಾ? ನಿಲ್ಲಲಿಲ್ವಾ?”

ಅವನು ಬೆಚ್ಚಿದ. ಹೌದು. ಅಷ್ಟು ವರ್ಷ ಟೆಂಪೋ ಓಡಿಸಿದವನು. ಒಂದು ತಟ್ಟಿದ ಮೇಲೆ ನಿಂತು ಕಾಯಬೇಕು. ಎರಡೂ ದಿನ ಕಾಯದೆ ಹೋಗಿದ್ದ.

“ಏಳು,” ಅಂದಳು ಮಗಳು. “ಹೋಗಿ ನಿಲ್ಲೋಣ.”

* * *

ಇಬ್ಬರೂ ಬಾವಿಗೆ ಹೋದರು. ಟಾರ್ಚು ಇತ್ತು, ಹಾಕಲಿಲ್ಲ. ಹೊಂಗೆ ಮರದ ಕೆಳಗೆ ನಿಂತರು. ದೂರದಲ್ಲಿ ಮಾಲೂರು ಕಡೆ ರೈಲು ಹೋದ ಸದ್ದು ನೆಲದಲ್ಲಿ ಬಂತು. ದಡಕ್ ದಡಕ್... ದಡಕ್ ದಡಕ್... ಆಮೇಲೆ ಅದೂ ಇಲ್ಲ.

ಮೌನಿಕಾ ಅಪ್ಪನ ತೋಳು ಹಿಡಿದುಕೊಂಡಳು.

ಠಪ್.

ಝಲ್...

ಅವಳ ಉಗುರು ಅವನ ತೋಳಿಗೆ ಇಳಿಯಿತು. “ಅಮ್ಮ,” ಅಂದಳು. ಅಷ್ಟೇ.

ಕಾದರು. ಉಸಿರು ಹಿಡಿದು ಕಾದರು. ಆಮೇಲೆ ಉಸಿರು ಬಿಟ್ಟು ಕಾದರು. ಎರಡು ಬರಲಿಲ್ಲ. ಕಾಲು ಸೋತು ಬಾವಿ ಕಟ್ಟೆ ಮೇಲೆ ಕೂತರು. ಹೆದರಿಕೆಗೂ ದಣಿವಾಗುತ್ತದೆ. ಸ್ವಲ್ಪ ಹೊತ್ತಿಗೆ ಅದು ಆಸ್ಪತ್ರೆ ಬೆಂಚಿನ ಮೇಲೆ ಕೂತು ಕಾದ ಹಾಗೆಯೇ ಇತ್ತು, ಅಂದ ಕೋದಂಡರಾಮಪ್ಪ.

“ಮೊದಲನೇ ವಾರ ಅಮ್ಮ ಹೆಂಗಿದ್ಲು ಟೆಂಪೋದಲ್ಲಿ?” ಮೌನಿಕಾ ಪಿಸುಗುಟ್ಟಿದಳು.

“ತಟ್ಟೋಕೇ ಹೆದರೋಳು. ನಾನು ಬೈತಿದ್ದೆ. ನನಗೆ ಗೊತ್ತಿಲ್ವಾ, ನೀನೇನು ತಟ್ಟೋದು ಅಂತ. ಹೊಸಕೋಟೇಲಿ ಒಂದು ಕಾಂಪೌಂಡು ಬೀಳಿಸ್ದೆ. ಅವಳಿಗೆ ಕಂಡಿತ್ತು. ತಟ್ಟಿರ್ಲಿಲ್ಲ.”

“ಆಮೇಲೆ?”

“ಆಮೇಲೆ ತಟ್ಟಿದ್ಲು. ಬೈದೆ. ಆದ್ರೂ ತಟ್ಟಿದ್ಲು. ನಾನು ಎಷ್ಟು ಕೂಗಿದ್ರೂ ಒಂದು ಅಂದ್ರೆ ಒಂದೇ. ಇಳಿದು ಬಂದು ನೋಡಿದ್ರೆ ಅವಳು ಹೇಳಿದ್ದೇ ಸರಿ ಇರೋದು. ಒಂದೊಂದ್ಸಲ ಸರಿ ಇರ್ತಿರ್ಲಿಲ್ಲ. ಆಗ ನಗೋಳು.”

ಮೌನಿಕಾ ಕತ್ತಲೆಯಲ್ಲಿ ತಲೆ ಆಡಿಸಿದಳು. “ನಾನೂ ಅಲ್ಲಿ ಕ್ಲೀನರ್ರೇ ಅಪ್ಪ. ಕ್ಯಾಪ್ಟನ್ ಎಡಗಡೆ. ನಾನು ಬಲಗಡೆ. ಅವರು ಇಪ್ಪತ್ತು ವರ್ಷದಿಂದ ಹಾರಿಸೋರು. ಅವರು ತಪ್ಪು ಮಾಡಿದ್ರೆ ನಾನು ತಟ್ತೀನಾ?”

“ತಟ್ಟಲ್ವಾ?”

“ತಟ್ತೀನಿ ಅನ್ಸುತ್ತೆ.” ತಡೆದು ಅಂದಳು. “ಆದ್ರೆ ಅಷ್ಟೇ ಅಲ್ಲ. ಮೇಲೆ ಹೋದಾಗ ಅವರಿಗೆ ಎದೆ ನೋವು ಬಂದ್ರೆ? ಆಗ ನಾನೇ ಡ್ರೈವರ್. ಆಗ ನನಗೆ ಯಾರು ತಟ್ತಾರೆ?”

ಟೆಂಪೋದಲ್ಲಿ ಆ ಪ್ರಶ್ನೆ ಬಂದೇ ಇರಲಿಲ್ಲ.  ಶಾಮಲಮ್ಮನಿಗೆ ಸ್ಟೇರಿಂಗು ಹಿಡಿಯೋಕೆ ಬರುತ್ತಿರಲಿಲ್ಲ.

ಹಾಗೇ ಕೂತರು. ಕೋಳಿ ಕೂಗೋಕೆ ಇನ್ನೂ ಹೊತ್ತಿತ್ತು. ಎರಡು ಬರಲೇ ಇಲ್ಲ.

ಮನೆ ಕಡೆ ನಡೆಯುವಾಗ ಮೌನಿಕಾ ದಾರಿಯಲ್ಲೇ ನಿಂತಳು.

“ಹೋಗ್ಬೇಡ ಅಂತ ಅಮ್ಮ ಹೇಳಿಲ್ಲಪ್ಪ. ನಿಲ್ಲು ಅಂದಳು. ನಿಂತಿದ್ದೀನಿ. ನೋಡ್ಕೊಂಡೆ. ಹೋಗು ಅಂತ ಮಾತ್ರ ಹೇಳಿಲ್ಲ. ಅವಳು ಹೇಳ್ದಿದ್ರೆ ನೀನು ಹೇಳು.”

“ನಾನೇನು ಹೇಳ್ಲಿ?”

“ಸೋಮವಾರ ಬೆಳಗ್ಗೆ ಬಾಗಿಲಲ್ಲಿ ನಿಂತಿರ್ತೀನಿ. ನೀನು ಟೆಂಪೋ ಎರಡು ತಟ್ಟು. ಹೋಗ್ತೀನಿ. ಒಂದೇ ತಟ್ಟಿದ್ರೆ ಸೂಟ್‌ಕೇಸು ಒಳಗೆ ಇಡ್ತೀನಿ. ಅಳಲ್ಲ, ಕೋಪಾನೂ ಮಾಡ್ಕೊಳ್ಳಲ್ಲ. ನಿಜವಾಗ್ಲೂ ನೀನು ಹೇಳಿದ್ದೇ.”

* * *

ಸೋಮವಾರ. ಇನ್ನೂ ಕತ್ತಲು. ಚಳಿಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಮೊದಲನೇ ಬಸ್ಸಿಗೆ ಗೇಟಿನ ತನಕ ಬಿಡೋಕೆ ಸೊಣ್ಣಪ್ಪ ಟಿವಿಎಸ್ ತಂದಿದ್ದ. ಶಾಲು ತಲೆಗೆ ಸುತ್ತಿಕೊಂಡು ಬೀದಿಯಲ್ಲಿ ನಿಂತಿದ್ದ. ಅವನಿಗೆ ಈ ಒಪ್ಪಂದ ಗೊತ್ತಿರಲಿಲ್ಲ. ಮುನಿಶಾಮಮ್ಮ ಒಳಗೆ ಬಿದಿರಿನ ಮಂಕರಿಯಲ್ಲಿ ಏನೋ ಹುಡುಕುತ್ತಿದ್ದಳು. ಹುಡುಗಿಗೆ ಕಟ್ಟಿಕೊಡೋಕೆ ಚಕ್ಕುಲಿ.

ಮೌನಿಕಾ ಅಮ್ಮನ ಫೋಟೋಗೆ ಕೈ ಮುಗಿದು ಬಂದು ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಸೂಟ್‌ಕೇಸು. ಬೇಕಂತಲೇ ಟೆಂಪೋಗೆ ಬೆನ್ನು ಹಾಕಿದಳು. ಅಪ್ಪನ ಮುಖ ನೋಡಿ ತೀರ್ಮಾನ ಮಾಡೋದು ಬೇಡ ಅಂತ.

“ಅಪ್ಪ... ತಟ್ಟು.”

ಕೋದಂಡರಾಮಪ್ಪ ಟೆಂಪೋದ ಬಲಗಡೆಗೆ ಹೋದ. ಡ್ರೈವರ್ ಕಡೆ. ಎಡಗಡೆ ಅವಳ ಜಾಗ. ಆ ಕಡೆ ಅವನು ಹೋಗುತ್ತಲೇ ಇರಲಿಲ್ಲ.

ಕೈ ಎತ್ತಿದ.

ಠಪ್.

ತಗಡು ಐಸಿನ ಹಾಗಿತ್ತು. ಕೈ ಅಲ್ಲೇ ಅಂಟಿಕೊಂಡಿತು.

ಎರಡನೇದಕ್ಕೆ ಕೈ ಏಳಲಿಲ್ಲ.

ಎತ್ತಬೇಕು ಅಂದುಕೊಂಡ. ತೋಳು ಅವನದಲ್ಲದ ಹಾಗೆ ಭಾರ. ಒಂದು ತಟ್ಟಿ ಆಯಿತು. ಒಂದು ಅಂದರೆ ನಿಲ್ಲಿಸು. ಇಷ್ಟಕ್ಕೇ ಬಿಟ್ಟರೆ ಅವಳು ಒಳಗೆ ಬರುತ್ತಾಳೆ. ಒಲೆ ಹಚ್ಚುತ್ತಾಳೆ. ಸಂಜೆ ಮನೆಯಲ್ಲಿ ದೀಪ ಇರುತ್ತದೆ. ಮೇಲೆ ವಿಮಾನ ಹೋದಾಗ ಬೇರೆ ಯಾರ ಮಗಳೋ ಅದರಲ್ಲಿ ಇರುತ್ತಾಳೆ. ಅಷ್ಟೂ ಅವನ ಮನಸ್ಸಿಗೆ ಬಂತು. ಬಂದದ್ದನ್ನ ನನಗೆ ಮುಚ್ಚಿಡಲಿಲ್ಲ.

ಸೊಣ್ಣಪ್ಪ ಕೆಮ್ಮಿದ. ಮೌನಿಕಾ ಸೂಟ್‌ಕೇಸಿನ ಹಿಡಿ ಮೇಲೆ ಕೈ ಇಟ್ಟಳು. ಒಳಗೆ ಎಳೆಯೋಕೆ.

ಆಗ ಟೆಂಪೋದ ಆ ಕಡೆಯಿಂದ... ಎಡಗಡೆಯಿಂದ...

ಠಪ್.

ಅವನ ಅಂಗೈ ಕೆಳಗೆ ತಗಡು ಅದುರಿತು.

ಝಲ್...

“ಸರಿ ಅಪ್ಪ,” ಅಂದಳು ಮೌನಿಕಾ.  ತಿರುಗಿ ನೋಡಲಿಲ್ಲ. ಬೀದಿಗೆ ಇಳಿದಳು. ಸೊಣ್ಣಪ್ಪ ಟಿವಿಎಸ್ ತುಳಿದ. ಡುರ್... ಡುರ್ ಡುರ್... ಸೂಟ್‌ಕೇಸು ತೊಡೆ ಮೇಲೆ ಇಟ್ಟುಕೊಂಡು ಅವಳು ಹಿಂದೆ ಕೂತಳು. ಮುನಿಶಾಮಮ್ಮ ಚಕ್ಕುಲಿ ಡಬ್ಬಿ ಹಿಡಿದುಕೊಂಡು, “ಲೇ ನಿಲ್ಸೋ, ನಿಲ್ಸೋ!” ಅಂತ ಓಡಿದಳು. ಡಬ್ಬಿ ಕೈಗೆ ಕೊಟ್ಟಳು. ಗಾಡಿ ಹೋಯಿತು.

ಬಳೆ ಸದ್ದು ಅವಳಿಗೆ ಕೇಳಿಸಲಿಲ್ಲವೇನೋ, ಎರಡೂ ಅಪ್ಪನೇ ತಟ್ಟಿದ್ದು ಅಂತ ಮೌನಿಕಾ ಅಂದುಕೊಂಡಿದ್ದಾಳೆ. ಅವನು ಹೇಳಿಲ್ಲ.

ಅವಳು ಈಗ ಹಾರಿಸುತ್ತಿದ್ದಾಳೆ. ಬಲಗಡೆ ಸೀಟು. ಮೊನ್ನೆ ಮೊನ್ನೆ ಒಂದು ರಾತ್ರಿ ಫೋನು ಮಾಡಿದ್ದಳು.

“ಇವತ್ತು ಕ್ಯಾಪ್ಟನ್‌ಗೆ ಒಂದು ತಟ್ಟಿದೆ ಅಪ್ಪ. ಗಾಳಿ ಸರಿ ಇರ್ಲಿಲ್ಲ. ಇಳಿಸೋದು ಬೇಡ ಸಾರ್, ಮೇಲೆ ಹೋಗೋಣ ಅಂದೆ.”

“ಬೈದ್ರಾ?”

“ಬೈದ್ರು. ಆಮೇಲೆ ಮೇಲೆ ಹೋದ್ರು.”

“ನೀನು ಹೇಳಿದ್ದು ಸರಿ ಇತ್ತಾ?”

“ಗೊತ್ತಿಲ್ಲಪ್ಪ. ಎರಡನೇ ಸಲ ನೆಟ್ಟಗೆ ಇಳಿದ್ವಿ.”

 ಬಾವಿ ಹತ್ತಿರ ಆಮೇಲೆ ಯಾವತ್ತೂ ಸದ್ದು ಬಂದಿಲ್ಲ. ಕಡೇ ಬಸ್ಸು ಇಳಿದು ಬರುವಾಗ ಅವನು ಅಲ್ಲಿ ನಿಂತು ಕೇಳುತ್ತಾನೆ. ಬರಲ್ಲ. ನಡೆದು ಬರುತ್ತಾನೆ.

ಆ ಸೋಮವಾರದ್ದು ಇನ್ನೊಂದಿದೆ. ಟಿವಿಎಸ್ ಸದ್ದು ಮರೆಯಾದ ಮೇಲೆ, ಬೆಳಕು ಹರಿದ ಮೇಲೆ, ಅವನು ಟೆಂಪೋ ಸುತ್ತಿ ಎಡಗಡೆಗೆ ಹೋದ. ಯಾರೂ ಇರಲಿಲ್ಲ. ನೆಲದ ಮೇಲೆ ಬೇವಿನ ಎಲೆ ಉದುರಿದ ಹಾಗೇ ಇದ್ದವು. ಯಾರೂ ತುಳಿದಿರಲಿಲ್ಲ. ಬಾಡಿ ಮೇಲೆ ಒಂದು ವರ್ಷದ ಧೂಳು. ಆ ಧೂಳಿನಲ್ಲಿ, ಬಾಗಿಲಿನಿಂದ ಸ್ವಲ್ಪ ಹಿಂದಕ್ಕೆ, ಅಂಗೈ ಗುರುತು. ಸಣ್ಣ ಕೈ.

ಸುಳ್ಳು ಅನ್ನೋರು ಹೋಗಿ ನೋಡಿ. ಟೆಂಪೋ ಅಲ್ಲೇ ನಿಂತಿದೆ. ಮಳೆ ಬಂದರೆ ಅವನು ಟಾರ್ಪಾಲು ಕಟ್ಟುತ್ತಾನೆ, ಎಡಗಡೆಗೆ ಮಾತ್ರ. ನಾನು ನೋಡಿ ಬಂದೆ. ಹಗಲಲ್ಲೇ ನೋಡಿದೆ. ನನ್ನ ಕೈ ಅದರ ಮೇಲೆ ಇಟ್ಟು ನೋಡೋಣ ಅನ್ನಿಸಿತು. ಇಡಲಿಲ್ಲ.

ಹೆಬ್ಬೆರಳು ಇದೆ. ಮೂರು ಬೆರಳು ಇವೆ. ಕಿರುಬೆರಳು ಇರಬೇಕಾದ ಕಡೆ ಧೂಳು ಹಾಗೇ ಇದೆ.